ಹೆಸರಿಗೆ ಮಾತ್ರ ನಿರ್ಬಂಧ

(2024ರ ಅಕ್ಟೋಬರ್. ಲಿನಕ್ಸ್ ಕರ್ನೆಲ್‌ನ ನಿರ್ವಾಹಕರ ಪಟ್ಟಿಯಿಂದ ಕೆಲವು ರಷ್ಯನ್ನರ ಹೆಸರುಗಳು ಮಾಯ. ಲಿನಕ್ಸ್ ಲಾಂಛನದ ಪೆಂಗ್ವಿನ್ ವಕೀಲರೊಬ್ಬರನ್ನು ಅಡ್ಡಗಟ್ಟಿದೆ. ಪಾಪ, ಅದಕ್ಕೆ ಪಾಸ್‌ಪೋರ್ಟೇ ಇಲ್ಲ.)

ಪೆಂಗ್ವಿನ್: ಸ್ವಾಮಿ, ಇವರ ಹೆಸರು ಯಾಕೆ ಹೊಡೆದುಹಾಕಿದಿರಿ?

ವಕೀಲರು: ನಿರ್ಬಂಧದ ಕಾನೂನು ಕಣಯ್ಯಾ. ರಷ್ಯಾದ ದಾಳಿಗೆ ಉಕ್ರೇನಿನ ಖಾರ್ಕಿವ್‌ನಲ್ಲಿ ಮನೆ ಕಳೆದುಕೊಂಡವರ ಮುಂದೆ ಸ್ವಾತಂತ್ರ್ಯದ ಪಾಠ ಹೇಳ್ತೀಯಾ?

ಪೆಂಗ್ವಿನ್: ಹೇಳಲಾರೆ. ಇವರು ಬರೆದ ಕೋಡು?

ವಕೀಲರು: ಅದು ಇರಲಿ. ಚೆನ್ನಾಗಿ ಓಡ್ತಿದೆ.

ಪೆಂಗ್ವಿನ್: ಮಾಸ್ಕೋದವರು ನನ್ನನ್ನು ಇಳಿಸಿಕೊಳ್ಳಬಹುದೇ?

ವಕೀಲರು: ಧಾರಾಳವಾಗಿ! ಓಡಿಸೋಕೆ ತಡೆಯಿಲ್ಲ ಅಂತ ನಿನ್ನ ಜಿಪಿಎಲ್ ಲೈಸೆನ್ಸೇ ಹೇಳುತ್ತಲ್ಲ.

ಪೆಂಗ್ವಿನ್: ಕ್ಷಿಪಣಿಯಲ್ಲೂ?

ವಕೀಲರು: (ಕೆಮ್ಮಿ) ಲೈಸೆನ್ಸು ಅಷ್ಟು ವಿವರಕ್ಕೆ ಹೋಗಲ್ಲ.

ಪೆಂಗ್ವಿನ್: ಅಂದರೆ ಕ್ಷಿಪಣಿ ಹಾರಿಸೋನು ಒಳಗೆ, ಡ್ರೈವರ್ ದೋಷ ತಿದ್ದೋನು ಹೊರಗೆ!

ವಕೀಲರು: ನಾವೇ ವಾಸಿ. 2022ರಲ್ಲಿ ನೋಡ್-ಐಪಿಸಿ ಅನ್ನೋ ಜಾವಾಸ್ಕ್ರಿಪ್ಟ್ ತಂತ್ರಾಂಶ ಬರೆದಾತ ರಷ್ಯಾ, ಬೆಲಾರಸ್ ಕಂಪ್ಯೂಟರುಗಳ ಕಡತಗಳನ್ನು ಒರೆಸಿ ಹೃದಯದ ಚಿಹ್ನೆ ತುಂಬೋ ಹಾಗೆ ಮಾಡಿದ್ದ.

ಪೆಂಗ್ವಿನ್: ಅದರಿಂದ ಯಾವ ಟ್ಯಾಂಕು ನಿಂತಿತು?

ವಕೀಲರು: ಟ್ಯಾಂಕು ಡೀಸೆಲ್ಲಿನಲ್ಲಿ ಓಡುತ್ತೆ, ಜಾವಾಸ್ಕ್ರಿಪ್ಟಿನಲ್ಲಲ್ಲ.

ಪೆಂಗ್ವಿನ್: ಹೊರಗೆ ಹೋದವರು ಮರಳಿ ಬರಬಹುದೇ?

ವಕೀಲರು: ಖಂಡಿತ. ಸೂಕ್ತ ದಾಖಲೆ ಕೊಟ್ಟರೆ ಆಯ್ತು.

ಪೆಂಗ್ವಿನ್: ಯಾವ ದಾಖಲೆ?

ವಕೀಲರು: ಅದನ್ನು ಹೇಳಬಹುದೋ ಇಲ್ಲವೋ, ನಮ್ಮ ವಕೀಲರನ್ನು ಕೇಳಬೇಕು.