ಬೇಲಿ ಹೂವೂ ನಮ್ಮ ಭಾವನೂ

ನಮ್ಮ ಭಾವನ ಕಾರಿನಲ್ಲಿ ಚಿಕ್ಕತಿರುಪತಿಗೆ ಹೊರಡುವವರು ತಿಂಡಿಯ ಜೊತೆ ಮಧ್ಯಾಹ್ನದ ಊಟವನ್ನೂ ಕಟ್ಟಿಕೊಳ್ಳುವುದು ಕ್ಷೇಮ. ಹೊಸಕೋಟೆ ಬಿಟ್ಟು ಮಾಲೂರಿನ ದಾರಿ ಹಿಡಿದರೆ ತೋಟದ ಬೇಲಿ, ಛತ್ರದ ಗೇಟು, ಹಂಚಿನ ಫ್ಯಾಕ್ಟರಿ ಕಾಂಪೌಂಡು, ಎಲ್ಲಿ ಕಾಗದದ ಹೂ ಕಂಡರೂ ಕಾರು ನಿಲ್ಲುತ್ತದೆ. ವೆಂಕಟರಮಣ ಬಾಗಿಲು ಹಾಕಿಕೊಳ್ಳಲಿ, ಹಿಂದಿನ ಸೀಟಿನಲ್ಲಿ ಅಕ್ಕ ಪುಳಿಯೋಗರೆ ಡಬ್ಬಿ ಹಿಡಿದು ಹಲ್ಲು ಕಡಿಯಲಿ, ಭಾವ ಮಾತ್ರ ಮೊಬೈಲು ಹಿಡಿದು ಬಳ್ಳಿಯ ಮುಂದೆ ಮಂಡಿಯೂರಿರುತ್ತಾರೆ.

"ಭಾವ, ಅದು ಹೂವಲ್ಲ, ಎಲೆ" ಎಂದರೆ ನಂಬುವುದಿಲ್ಲ. ಬೋಗನ್‌ವಿಲ್ಲಾದಲ್ಲಿ ಬಣ್ಣ ಬಳಿದುಕೊಂಡು ಮೆರೆಯುವುದೆಲ್ಲ ಎಲೆಯ ವೇಷ. ಒಳಗೆ ಇಣುಕಿದರೆ ಎಲೆಗೊಂದರಂತೆ ಮೂರು ಸಣ್ಣ ಬಿಳಿ ಕೊಳವೆಗಳಿರುತ್ತವೆ, ಹೂ ಎಂದರೆ ಅವು. ಭಾವನ ಫೋಟೊಗಳಲ್ಲಿ ಅವು ಬಿದ್ದದ್ದೇ ಇಲ್ಲ. ಚಪ್ಪರ ಮಾತ್ರ ಇದ್ದು ಗಂಡುಹೆಣ್ಣು ಕಾಣದ ಮದುವೆ ಆಲ್ಬಮ್ ಅದು. ಹನ್ನೆರಡರ ಬಿಸಿಲಲ್ಲಿ ಆ ಕಡುಗುಲಾಬಿಯನ್ನು ಮೊಬೈಲು ತಾಳಲಾರದು, ನರ, ಮಡಿಕೆ ಎಲ್ಲ ಕರಗಿ ಒಂದೇ ಮುದ್ದೆ. ಮರುದಿನ ಮನೆಯವರ ವಾಟ್ಸಾಪ್ ಗುಂಪಿಗೆ ಆ ಮುದ್ದೆಯೇ ಶುಭೋದಯ. ಬೆಳಗ್ಗೆ ಎಂಟರೊಳಗೆ, ಬೆಳಕು ಬಳ್ಳಿಯ ಹಿಂದಿರುವಾಗ ತೆಗೆದರೆ ಎಲೆಯ ಒಂದೊಂದು ನರವೂ ಕಾಣುತ್ತದೆ ಎಂದು ಹೇಳಿ ನೋಡಿದೆ. "ಎಂಟಕ್ಕೆ ನಿಮ್ಮಕ್ಕ ಹೊರಟರಲ್ಲವೇ?" ಎಂದು ತಪ್ಪನ್ನು ಹಿಂದಿನ ಸೀಟಿಗೆ ದಾಟಿಸಿದರು.

ಒಂದು ಬೇಲಿಯ ಹತ್ತಿರ ತಾತನೊಬ್ಬ ಬಂದ. ಮಾಲೂರಿನ ಕಡೆ ಬೇಲಿಯ ಫೋಟೊ ತೆಗೆಯುವವರನ್ನು ಯಾರಾದರೂ ಏನೆಂದುಕೊಳ್ಳಬೇಕು?

"ಸೈಟ್ ನೋಡಾಕೆ ಬಂದ್ರಾ ಸಾಮಿ? ಗುಂಟೆಗೆ ಎಷ್ಟು ಹೇಳವ್ರೆ?"

"ಇಲ್ಲ ತಾತ, ಹೂವು."

"ಓ, ಇದಾ? ದೇವರಿಗೂ ಇಲ್ಲ, ಮುಡಿಯಾಕೂ ಇಲ್ಲ. ಮುಳ್ಳೈತೆ, ದನ ನುಗ್ಗಲ್ಲ ಅಂತ ಹಾಕಿವ್ನಿ. ಆ ಕಡೆ ಬನ್ನಿ, ರೋಜಾ ತೋಟ ಐತೆ."

"ರೋಜಾ ಬೇಡ ತಾತ, ಅದು ಎಲ್ಲ ಕಡೆ ಸಿಗುತ್ತೆ" ಎಂದರು ಭಾವ, ದೇಶದ ಅರ್ಧ ಹೆದ್ದಾರಿಗಳ ನಡುಪಟ್ಟಿಯಲ್ಲಿ ಬೆಳೆಯುವ ಬಳ್ಳಿಯ ಮುಂದೆ ನಿಂತುಕೊಂಡು.

ಇದು ದಕ್ಷಿಣ ಅಮೆರಿಕದ ಬಳ್ಳಿ. (ನಗಬೇಡಿ, ಕೋಲಾರದ ಟೊಮ್ಯಾಟೊದ ಮೂಲವೂ ಆ ಖಂಡವೇ.) 1766ರಲ್ಲಿ ಭೂಮಿ ಸುತ್ತಲು ಹೊರಟ ಫ್ರಾನ್ಸಿನ ಬೋಗನ್‌ವಿಲ್ ಎಂಬ ನಾವಿಕನ ತಂಡದಲ್ಲಿ ಕಾಮರ್ಸನ್ ಎಂಬ ಸಸ್ಯಪಂಡಿತನಿದ್ದ. ಅವನ ಸಹಾಯಕ್ಕೆ ಗಂಡುವೇಷ ಹಾಕಿಕೊಂಡು ಹಡಗು ಹತ್ತಿದವಳು ಜೀನ್ ಬಾರೆ. ಹೆಂಗಸರಿಗೆ ಆ ಹಡಗುಗಳಲ್ಲಿ ಪ್ರವೇಶವಿರಲಿಲ್ಲ. 1767ರಲ್ಲಿ ಬ್ರೆಜಿಲ್‌ನ ರಿಯೊದಲ್ಲಿ ಈ ಬಳ್ಳಿ ಸಿಕ್ಕಿತು. ಕಾಮರ್ಸನ್‌ಗೆ ಕಾಲುನೋವು; ಬಳ್ಳಿಯನ್ನು ಹುಡುಕಿ ತಂದವಳು ಅವಳೇ ಇರಬೇಕು ಎನ್ನುವವರಿದ್ದಾರೆ. ಮುಂದೆ ಭೂಮಿ ಸುತ್ತಿದ ಮೊದಲ ಹೆಂಗಸು ಎಂದು ಅವಳ ಹೆಸರು ಉಳಿಯಿತು. ಬಳ್ಳಿಗೆ ಮಾತ್ರ ಸಾಹೇಬನ ಹೆಸರು, ನಮ್ಮ ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಇರುವಂತೆ.

ಈ ಕತೆ ಕೇಳಿ ಅಕ್ಕ, "ಹೊತ್ತವಳು ಒಬ್ಬಳು, ಹೆಸರು ಇನ್ನೊಬ್ಬನದು. ಬೆಳಗ್ಗೆಯಿಂದ ಡಬ್ಬಿ ಹಿಡಕೊಂಡು ಕೂತಿರೋ ನನಗೆ ಇದೇನು ಹೊಸದಾ?" ಎಂದಳು. ಭಾವ ಎರಡು ಕಿಲೋಮೀಟರು ಎಲ್ಲೂ ನಿಲ್ಲಿಸಲಿಲ್ಲ.

ಆದರೂ ನನಗೆ ಈ ಬಳ್ಳಿಯ ಮೇಲೆ ಗೌರವ. ನೀರು ಹೆಚ್ಚು ಹಾಕಿದರೆ ಹಸಿರೆಲೆ ಬಿಟ್ಟುಕೊಂಡು ಸುಮ್ಮನಿರುತ್ತದೆ; ಒಣಗಿಸಿದಷ್ಟೂ ಬಣ್ಣ ಬರುತ್ತದೆ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಧೂಳೇ ಬರುವ ಸೀಮೆಗೆ ಇನ್ನೆಂಥ ಗಿಡ ಹೊಂದೀತು? ಮಾರ್ಚಿಯಲ್ಲಿ ಕೆರೆಯಂಗಳ ಬಿರುಕು ಬಿಟ್ಟಾಗ ಇದರದ್ದೇ ದರ್ಬಾರು.

ಹಾಗಾಗಿ ಫೋಟೊಗೆ ಹೊರಡುವವರು ಬೇಸಿಗೆಯಲ್ಲೇ ಹೊರಡಿ, ಆ ಮೂರು ಬಿಳಿ ಹೂಗಳನ್ನು ಹುಡುಕಿ. ಕಾರನ್ನು ಮಾತ್ರ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ಹಿಂದೆ ಮಾಲೂರಿನ ಇಟ್ಟಿಗೆ ಲಾರಿ ಬರುತ್ತಿರುತ್ತದೆ, ಅದರ ಡ್ರೈವರಿಗೆ ಹೂವಿನ ಹುಚ್ಚಿಲ್ಲ.