ಸಕುಟುಂಬ ಸ್ಥಾನಾಂತರದ ಸಮಗ್ರ ಮೀಮಾಂಸೆ: ಅವರ್ಸಾ ಕೇಂದ್ರಿತ ಒಂದು ಬಹುಶಿಸ್ತೀಯ ಅಧ್ಯಯನ

ಮನೆಮಂದಿಯನ್ನೆಲ್ಲ ಕಟ್ಟಿಕೊಂಡು, ಗಡಿ ದಾಟಿ, ಗದ್ದಲ ಕಡಿಮೆಯಿರುವ ಇನ್ನೊಬ್ಬ ರಾಜನ ಸೀಮೆಯ ಸಣ್ಣ ಊರೊಂದರಲ್ಲಿ ಹೋಗಿ ನೆಲೆಸುವುದಕ್ಕೆ ಜನಸಾಮಾನ್ಯರು ‘ಊರು ಬಿಡುವುದು’ ಎನ್ನುತ್ತಾರೆ. ಈ ಬೇಜವಾಬ್ದಾರಿಯಿಂದ ಸಂಶೋಧನಾ ಲೋಕಕ್ಕೆ ಆಗಿರುವ ನಷ್ಟ ಅಷ್ಟಿಷ್ಟಲ್ಲ. ಎರಡೇ ಪದಗಳಲ್ಲಿ ವಿಷಯ ಮುಗಿದುಹೋದರೆ ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣ ನಡೆಸುವುದು ಹೇಗೆ? ಆದ್ದರಿಂದ ಪ್ರಸ್ತುತ ಪ್ರಬಂಧವು ಇದನ್ನು ‘ಸಗಡಿ ಸಕೌಟುಂಬಿಕ ಅನುಪ್ರಾಂತೀಯ ಸ್ಥಾನಾಂತರ’ ಎಂದು ಕರೆಯುತ್ತದೆ. ಸ್ಥಳಾಭಾವದಿಂದ ಮುಂದೆ ‘ಸಸಅಸ್ಥಾ’ ಎಂದಷ್ಟೇ ಬರೆಯಲಾಗುವುದು. ಉಚ್ಚರಿಸಲು ಕಷ್ಟವಾದವರು ಮನಸ್ಸಿನಲ್ಲೇ ಓದಿಕೊಳ್ಳತಕ್ಕದ್ದು.

ಅಧ್ಯಯನದ ವ್ಯಾಪ್ತಿ ಅವರ್ಸಾ. ಕಾರವಾರ ಮತ್ತು ಅಂಕೋಲೆಗಳ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಕಂಡಕ್ಟರು ಎರಡು ಸಲ ಕೂಗದಿದ್ದರೆ ನಿದ್ದೆ ಹತ್ತಿದವರು ನೇರ ಅಂಕೋಲೆ ಸ್ಟ್ಯಾಂಡಿಗೇ ಹೋಗಿ ಮುಟ್ಟುವಂಥ ಊರು. ಇದನ್ನೇ ಆರಿಸಿಕೊಂಡದ್ದಕ್ಕೆ ಮೂರು ಸೈದ್ಧಾಂತಿಕ ಕಾರಣಗಳಿವೆ. ಮೊದಲನೆಯದು, ನಮಗೆ ಬೇರೆ ಊರು ಇಷ್ಟು ಚೆನ್ನಾಗಿ ಗೊತ್ತಿಲ್ಲ. ಉಳಿದೆರಡು ಕಾರಣಗಳು ಮೊದಲನೆಯದರಿಂದಲೇ ಹುಟ್ಟಿಕೊಂಡಿವೆ.

ಪೂರ್ವಸೂರಿಗಳ ಸಮೀಕ್ಷೆ ಮಾಡದೆ ಪ್ರಬಂಧ ಪ್ರಬಂಧವೆನಿಸದು. ಈ ಕ್ಷೇತ್ರದಲ್ಲಿ ನಮ್ಮ ತಿಳಿವಳಿಕೆಯೆಲ್ಲ ಇದೇ ಕರಾವಳಿಯ ಒಂದು ಸಂಕಿರಣದಿಂದ ಬಂದದ್ದು. ಅಲ್ಲಿ ಧಾರವಾಡದಿಂದ ಬೆಂಗಳೂರಿಗೆ ಬಡ್ತಿಯ ಮೇಲೆ ವರ್ಗವಾದ ವಿದ್ವಾಂಸರೊಬ್ಬರು ತಮ್ಮನ್ನು ‘ಡಯಾಸ್ಪೊರಾ’ ಎಂದು ಕರೆದುಕೊಂಡು, ಕಳೆದುಹೋದ ಅಸ್ಮಿತೆಯ ಬಹುಸ್ತರೀಯ ಸಂಕಥನವನ್ನು ಊಟದ ಹೊತ್ತು ಮೀರುವವರೆಗೆ ಮಂಡಿಸಿದರು. ಅವರ ಬೇರು ಕಿತ್ತುಹೋಗಿತ್ತಂತೆ. ಮನೆಬಾಡಿಗೆ ಭತ್ಯೆ ಮಾತ್ರ ಸರಿಯಾಗಿ ಬರುತ್ತಿತ್ತು. ಆ ಸಭಾಂಗಣದ ಬಾಗಿಲಲ್ಲಿ, ಹುಟ್ಟಿದ ಊರು ಬೇಲಿಯೊಳಗೆ ಸೇರಿಹೋಗಿ ಬೇರೆ ಕಡೆ ಮನೆ ಕಟ್ಟಿಕೊಂಡ ಒಬ್ಬರು ನಿಂತಿದ್ದರು. ಅವರನ್ನು ವೇದಿಕೆಗೆ ಯಾರೂ ಕರೆಯಲಿಲ್ಲ. ಅವರು ಕುರ್ಚಿ ಜೋಡಿಸುವುದಕ್ಕೆ ಬಂದವರು.

ಇರಲಿ. ಸಸಅಸ್ಥಾ ಏಳು ಪ್ರಕಾರಗಳುಳ್ಳದ್ದು. ಒಂದೊಂದನ್ನಾಗಿ ವಿವೇಚಿಸೋಣ.

ಪ್ರಕಾರ ಒಂದು: ದೈವಿಕ. ಇದು ಎಲ್ಲಕ್ಕಿಂತ ಪ್ರಾಚೀನ, ಎಲ್ಲಕ್ಕಿಂತ ಶುದ್ಧ. ಆಕರ ಸಾಮಗ್ರಿ ಹೀಗಿದೆ: 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು. 1543ರಲ್ಲಿ ಸಾಷ್ಟಿ, ಬಾರ್ದೇಶಗಳೂ ಹೋದವು. 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ಕಚೇರಿ ಅಲ್ಲಿ ಬಂದು ಕೂತಿತು, ಪೂರ್ತಿಯಾಗಿ ಎದ್ದದ್ದು 1812ರಲ್ಲಿ. 1567ರಲ್ಲಿ ಸಾಷ್ಟಿಯ ದೇವಸ್ಥಾನಗಳನ್ನು ಒಂದರ ಹಿಂದೆ ಒಂದು ಕೆಡವಿದರು. ಆ ಸಾಷ್ಟಿಯಲ್ಲಿ, ಇಂದಿನ ಮಡಗಾಂವದ ಪಕ್ಕದ ಬಾಣಾವಳಿಯಲ್ಲಿದ್ದ ಕಾತ್ಯಾಯನಿ ಮತ್ತು ಬಾಣೇಶ್ವರ ಅದೇ ಶತಮಾನದಲ್ಲಿ ಊರು ಬಿಟ್ಟು, ಕ್ಷಮಿಸಿ, ಸಸಅಸ್ಥಾ ಹೊಂದಿ, ಅವರ್ಸಾಕ್ಕೆ ಬಂದರು. ಗಂಡ ಹೆಂಡತಿ ಇಬ್ಬರೂ ಬಂದದ್ದರಿಂದ ಸಕೌಟುಂಬಿಕತೆಯ ಷರತ್ತು ಪೂರೈಸಿತು. ಪೋರ್ಚುಗಲ್ಲಿನ ದೊರೆಯ ಸೀಮೆ ದಾಟಿದ್ದರಿಂದ ಸಗಡಿತ್ವವೂ ಸಿದ್ಧಿಸಿತು. ಊರು ಎಷ್ಟು ಸಣ್ಣದು ಎಂಬುದಕ್ಕೆ ಕಂಡಕ್ಟರ ಸಾಕ್ಷ್ಯ ಮೇಲೆಯೇ ಬಂದಿದೆ.

ಈ ನಿರ್ಧಾರ ದಂಪತಿಗಳಲ್ಲಿ ಯಾರದ್ದು ಎಂಬುದು ಇಲ್ಲಿಯ ಮೊದಲ ಸೈದ್ಧಾಂತಿಕ ಸಮಸ್ಯೆ. ದೇವಸ್ಥಾನದ ಹೆಸರಿನಲ್ಲಿ ಹೆಂಡತಿ ಮೊದಲು, ಗಂಡ ಆಮೇಲೆ. ಇದರಿಂದ ‘ಅವಳು ಹೊರಟಳು, ಇವನೂ ಎದ್ದ’ ಎಂಬ ಊಹಾಪ್ರಮೇಯವನ್ನು ಧೈರ್ಯವಾಗಿ ಮಂಡಿಸಬಹುದು. ಕೈಲಾಸ ಬಿಟ್ಟು ಬಂದವನಿಗೆ ಬಾಣಾವಳಿ ಬಿಡುವುದೇನೂ ದೊಡ್ಡದಲ್ಲ.

ಎರಡನೆಯ ಸಮಸ್ಯೆ ದೂರದ್ದು. ಮಂಗೇಶ 1560ರಲ್ಲಿ ಕುಶಸ್ಥಳಿಯಿಂದ ಹೊರಟು ಪ್ರಿಯೋಳದಲ್ಲಿ ನಿಂತ. ಕೇಳೋಶಿಯ ಶಾಂತಾದುರ್ಗೆ ಕವಳೆಯಲ್ಲಿ ನಿಂತಳು. ಇಬ್ಬರೂ ಒಂದು ಹೊಳೆ ದಾಟಿ ಆಚೆ ದಡದಲ್ಲೇ ಮನೆ ಹೂಡಿದವರು, ಹಳೆ ಮನೆಯ ಮೇಲೊಂದು ಕಣ್ಣಿಟ್ಟೇ ಕೂತವರು. ಕಾತ್ಯಾಯನಿ ಹಾಗೆ ಮಾಡಲಿಲ್ಲ. ಸಾಳ, ತಳಪಣ, ಗಾಲಜಿಬಾಗ ಹೊಳೆಗಳನ್ನು ದಾಟಿ, ಸಾಲದೆಂಬಂತೆ ಕಾಳಿಯನ್ನೂ ದಾಟಿದಳು. ನಡುವೆ ಕಾಣಕೋಣದಲ್ಲಿ ನಿಲ್ಲಬಹುದಿತ್ತು, ಅದೂ ಆಗ ಪೋರ್ಚುಗೀಸರದ್ದಲ್ಲ. ಆದರೆ ಹದಿನೆಂಟನೆಯ ಶತಮಾನದಲ್ಲಿ ಅವರು ಅಲ್ಲಿಗೂ ಬಂದರು. ಅಂದರೆ ದೇವಿ ಇನ್ನೂರು ವರ್ಷ ಮುಂದಿನದನ್ನು ಲೆಕ್ಕ ಹಾಕಿದ್ದಾಳೆ. ನಮ್ಮ ಯೋಜನಾ ಇಲಾಖೆಗಳಲ್ಲಿ ಎರಡು ವರ್ಷ ಮುಂದಿನದನ್ನು ಕಂಡವರಿದ್ದರೆ ತಿಳಿಸಿ.

ಮೂರನೆಯದು ಗಂಟುಮೂಟೆ ಗುಣಾಂಕ. ಹೊತ್ತು ತಂದದ್ದರಲ್ಲಿ ಮೂರ್ತಿ ಭಾರ, ಕೊಂಕಣಿ ಹಗುರ. ‘ಪಾಲಕಿಗೆ ಮೊದಲ ಹೆಗಲು ಯಾರ ಮನೆಯದು’ ಎಂಬ ತಕರಾರು ಎಲ್ಲಕ್ಕಿಂತ ಭಾರ. ಕರಾವಳಿಯ ಯಾವ ದೇವಸ್ಥಾನದ ಮಂದಿಯೂ ಈ ತಕರಾರನ್ನು ಹಿಂದೆ ಬಿಟ್ಟು ಬಂದ ದಾಖಲೆಯಿಲ್ಲ.

ನಾಲ್ಕನೆಯದನ್ನು ಕೇಳುವವರು ಕಡಿಮೆ. ಬಂದವರನ್ನು ಇಲ್ಲಿ ಇದ್ದವರು ಏನೆಂದರು? ನಮ್ಮ ಸೀಮೆಯ ಯಾವುದೇ ದೇವಸ್ಥಾನದ ಸ್ಮರಣ ಸಂಚಿಕೆ ತೆರೆಯಿರಿ. ಮಿರುಗುವ ಕಾಗದ, ಜೋಡಿ ಬಣ್ಣ, ವಂತಿಗೆ ಕೊಟ್ಟವರ ಫೋಟೋ. ಬಂದವರ ವಂಶಾವಳಿ ಹದಿನಾಲ್ಕು ತಲೆಮಾರಿನವರೆಗೆ ಇರುತ್ತದೆ. ಬಂದ ದಿನ ನೆಲದ ಮೇಲೆ ನಿಂತಿದ್ದವರು ಯಾರು, ಕಾಡು ಕಡಿದವರು ಯಾರು, ಹೊಳೆ ದಾಟಿಸಿದ ಅಂಬಿಗ ಯಾರು, ಮೊದಲ ಮಳೆಗಾಲಕ್ಕೆ ಅಕ್ಕಿ ಕೊಟ್ಟ ಹಾಲಕ್ಕಿಯವರೋ ಆಗೇರರೋ ಯಾರು, ಒಂದು ಸಾಲೂ ಇರುವುದಿಲ್ಲ. ‘ಸ್ಥಳೀಯರ ಸಹಕಾರದಿಂದ’ ಎಂಬ ಮೂರನೆಯ ವಿಭಕ್ತಿಯಲ್ಲಿ ಇಡೀ ಊರನ್ನು ಹೂಳಿ ಮುಂದೆ ಹೋಗುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ಹೆದರಿ ಓಡಿಬಂದವರಿಗೆ ಜಾಗ ಕೊಟ್ಟವರನ್ನು ನಾನೂರು ವರ್ಷವಾದರೂ ಹೆಸರು ಹಿಡಿದು ಕರೆಯುವ ವ್ಯವಧಾನ ನಮಗೆ ಬಂದಿಲ್ಲ. (ಪ್ರಬಂಧಕಾರರು ‘ನಾನು’ ಎಂಬ ಪದ ಬಳಸಿದ್ದಕ್ಕೆ ವಿಷಾದಿಸುತ್ತಾರೆ. ಮುಂದೆ ‘ನಾವು’ ಎಂದೇ ಬರೆಯಲಾಗುವುದು.)

ಪ್ರಾಸಂಗಿಕವಾಗಿ ಪರಶುರಾಮನ ಮಾತು. ಅವನ ಬಾಣ ಬಂದು ಬಿದ್ದದ್ದು ಬಾಣಾವಳಿಯಲ್ಲೇ ಎಂಬ ಕಥೆಯಿದೆ. ಸಮುದ್ರವನ್ನು ಹಿಂದಕ್ಕೆ ತಳ್ಳಿ ಅಷ್ಟು ಜಾಗ ಮಾಡಿಕೊಂಡ ಅವನನ್ನು ಈ ಕರಾವಳಿಯ ಮೊದಲ ಭೂಸ್ವಾಧೀನಾಧಿಕಾರಿ ಎಂದು ಪರಿಗಣಿಸಬೇಕಾಗುತ್ತದೆ. ಸಮುದ್ರಕ್ಕೆ ಪರಿಹಾರ ಸಂದಾಯವಾದ ಬಗ್ಗೆ ಪುರಾಣಗಳು ಮೌನವಾಗಿವೆ. ಈ ವಿಷಯದಲ್ಲಿ ಪರಂಪರೆ ಅವಿಚ್ಛಿನ್ನವಾಗಿ ಮುಂದುವರಿದಿದೆ.

ಪ್ರಕಾರ ಎರಡು: ನ್ಯಾಯಾಂಗೀಯ ಕಾವ್ಯಾತ್ಮಕ. ಐಸಿಎಸ್ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತಮ್ಮ ರವೀಂದ್ರನಾಥ ಬಂದು ಇಲ್ಲಿ ಇದ್ದು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಅದು 1884ರಲ್ಲಿ ಅಚ್ಚಾಯಿತು, ಕಡಲತೀರಕ್ಕೆ ಅವರ ಹೆಸರಾಯಿತು. ಅಂದಿನಿಂದ ಕಾರವಾರದಲ್ಲಿ ಬ್ಯಾಂಕಿನ ಶಾಖೆ ಉದ್ಘಾಟಿಸಿದರೂ ಭಾಷಣ ಟಾಗೋರರಿಂದಲೇ ಶುರು. ಆದರೆ ಅವರು ಸಂಸಾರ ಹೂಡಲು ಬಂದವರಲ್ಲ, ಅಣ್ಣನ ಮನೆಗೆ ಬಂದವರು. ಆದ್ದರಿಂದ ಈ ಪ್ರಕಾರ ಸಸಅಸ್ಥಾದ ವ್ಯಾಖ್ಯೆಗೆ ಹೊಂದುವುದಿಲ್ಲ. ಹಾಗಿದ್ದರೂ ಸೇರಿಸಿದ್ದೇಕೆ? ಟಾಗೋರರಿಲ್ಲದ ಪ್ರಬಂಧವನ್ನು ಕಾರವಾರದಲ್ಲಿ ಓದಲು ಬಿಡುವುದಿಲ್ಲ.

ಪ್ರಕಾರ ಮೂರು: ಹಿಮ್ಮುಖ. 1961ರ ಡಿಸೆಂಬರ್ 19ರಂದು ಗೋವೆ ಭಾರತಕ್ಕೆ ಸೇರಿತು, ವಿದೇಶವಾಗಿದ್ದದ್ದು ನೆರೆಯೂರಾಯಿತು. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಈಗ ನಮ್ಮ ಕಡೆಯ ಹುಡುಗರು ಬೆಳಗಿನ ಗಾಡಿ ಹತ್ತಿ ಮಡಗಾಂವ, ವಾಸ್ಕೋ ಕಡೆ ಕೆಲಸಕ್ಕೆ ಹೋಗುತ್ತಾರೆ, ಕೆಲವರು ಅಲ್ಲೇ ಖೋಲಿ ಹಿಡಿದಿದ್ದಾರೆ. ಅದೇ ಹೊತ್ತಿಗೆ ಗೋವೆಯ ಕುಲಾವಿಗಳು, ಅಂದರೆ ಅವಳನ್ನೇ ಕುಲದೇವಿಯೆಂದು ನಂಬಿದ ಮನೆತನದವರು, ಕಾರು ಮಾಡಿಕೊಂಡು ದೇವಿಯ ಸೇವೆಗೆ ಅವರ್ಸಾಕ್ಕೆ ಬರುತ್ತಾರೆ. ಬಾಣಾವಳಿಯಿಂದ ದೇವಿ ಇಲ್ಲಿಗೆ, ಇಲ್ಲಿಂದ ಹುಡುಗರು ಬಾಣಾವಳಿ ಕಡೆಯ ಬೀಚ್ ಹೋಟೆಲಿನ ಅಡಿಗೆಮನೆಗೆ. ಈ ವಿನಿಮಯದಲ್ಲಿ ಲಾಭ ಯಾರಿಗೆ ಎಂದು ತಿಳಿಯಲು ಸಂಬಳದ ಚೀಟಿ ಸಾಕು, ಸಿದ್ಧಾಂತ ಬೇಡ.

ಇದರದೇ ಉಪಪ್ರಕಾರ, ಲ್ಯಾಪ್‌ಟಾಪಿನೊಂದಿಗೆ ಬರುವ ಬೆಂಗಳೂರಿನ ಸಂಸಾರಗಳು. ಅವರಿಗೆ ‘ಶಾಂತ’ವಾದ ಜಾಗ ಬೇಕು. ಬೇಲೆಯ ಪಕ್ಕದಲ್ಲಿರಬೇಕು, ಮೀನಿನ ನಾತ ಬರಬಾರದು. ಹಳ್ಳಿಯಾಗಿರಬೇಕು, ನೆಟ್ ಇರಬೇಕು. ಜೂನಿನಲ್ಲಿ ಕರೆಂಟು ಹೋಗಿ, ಗೋಡೆಗೆ ಬೂಸಲು ಹಿಡಿದು, ಮೂರು ದಿನ ಸೂರ್ಯ ಕಾಣದಿದ್ದಾಗ ಅವರ ಪ್ರಾಂತೀಯತೆಯ ಅನುಭಾವ ಮುಗಿಯುತ್ತದೆ. ಇವರ ಮೇಲೆ ನಮಗೆ ಕೋಪವಿಲ್ಲ. ಬಾಡಿಗೆ ಸರಿಯಾಗಿ ಕೊಡುತ್ತಾರೆ. ಆದರೆ ಶಾಂತತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಊರು ಶಾಂತವಾಗಿರುವುದು ದುಡಿಯುವ ವಯಸ್ಸಿನವರು ಊರಲ್ಲಿಲ್ಲದ್ದರಿಂದ. ಮುಂಬೈಗೆ ಹೋದವರು, ದುಬೈಗೆ ಹೋದವರು, ಗೋವೆಯ ಗಾಡಿಯಲ್ಲಿ ಇನ್ನೂ ನಿಂತುಕೊಂಡೇ ಬರುತ್ತಿರುವವರು, ಇವರೆಲ್ಲ ಒಂದೇ ದಿನ ಮನೆಯಲ್ಲಿದ್ದರೆ ಆ ಶಾಂತಿ ಎಲ್ಲಿರುತ್ತದೆ ನೋಡೋಣ. ಗಣೇಶ ಚೌತಿಗೆ ಬಂದು ನೋಡಿ.

ಪ್ರಕಾರ ನಾಲ್ಕು: ಇದಕ್ಕೆ ‘ರಾಷ್ಟ್ರಹಿತೀಯ ಅಲ್ಪದೂರ ಸ್ಥಾನಾಂತರ’ ಎಂಬ ಹೆಸರನ್ನು ಯೋಚಿಸಿಟ್ಟಿದ್ದೆವು. ಉಪಪ್ರಕಾರಗಳ ಕೋಷ್ಟಕವೂ ತಯಾರಿತ್ತು.

ಬೇಡ. ಐದು, ಆರು, ಏಳನ್ನೂ ಇಲ್ಲಿಗೇ ಬಿಡುತ್ತೇನೆ. ಇಲ್ಲಿಂದ ಮುಂದೆ ನಗೆ ಬರುವುದಿಲ್ಲ.

1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಕಾರವಾರ ಅಂಕೋಲೆ ತಾಲೂಕುಗಳ 13 ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಏಳಬೇಕಾಯಿತು. 2005ರ ಮೇ ತಿಂಗಳಲ್ಲಿ ಐಎನ್‌ಎಸ್ ಕದಂಬ ಸೇವೆಗೆ ಸೇರಿತು. ಪರಿಹಾರ ಸಾಲದೆಂದು ಕೋರ್ಟು ಹತ್ತಿದವರ ಕಡತಗಳು ಅಡಿಗಲ್ಲು ಬಿದ್ದು ಮೂವತ್ತು ವರ್ಷ ದಾಟಿದ ಮೇಲೂ ಓಡಾಡುತ್ತಿದ್ದವು. ಅರ್ಜಿ ಬರೆದವನು ಸತ್ತು ಮಗ ಸಹಿ ಹಾಕಿದ, ಮಗನಿಗೆ ಕನ್ನಡಕ ಬಂತು.

ಎಷ್ಟು ದೂರ ಹೋದರು ಅವರು? ಅರಗಾದಿಂದ ತೋಡೂರಿಗೆ, ಬಿಣಗಾದ ಕಡೆಯಿಂದ ಇನ್ನೊಂದು ಕಾಲನಿಗೆ. ಬಸ್ಸಿನ ಚಿಲ್ಲರೆಯಲ್ಲಿ ಮುಗಿಯುವ ದಾರಿ. ಜಿಲ್ಲೆ ಅದೇ, ಮಾಮಲೇದಾರ ಕಚೇರಿಯೂ ಹೆಚ್ಚಿನವರಿಗೆ ಅದೇ. ನಮ್ಮ ವ್ಯಾಖ್ಯೆಯ ಪ್ರಕಾರ ಅವರು ಯಾವ ಗಡಿಯನ್ನೂ ದಾಟಿಲ್ಲ. ಆದರೆ ಗಡಿ ಅವರನ್ನು ದಾಟಿತು. ಬಲೆ ಒಣಗಿಸುತ್ತಿದ್ದ ಬೇಲೆಯ ಮುಂದೆ ಕಾಂಪೌಂಡು ಬಂತು, ಕಾಂಪೌಂಡಿಗೆ ಗೇಟು, ಗೇಟಿಗೆ ಬಂದೂಕು. ಅಜ್ಜನ ಮನೆಯ ಬಾವಿ ಎಲ್ಲಿತ್ತೆಂದು ಮೊಮ್ಮಗನಿಗೆ ತೋರಿಸಬೇಕಾದರೆ ಪಾಸು ಬೇಕು, ಪಾಸು ಸಿಗುವುದಿಲ್ಲ. ಅಂಜದೀವ ದ್ವೀಪದಲ್ಲಿ ಬ್ರೋತಾಸ್ ಮಾತೆಯ ಇಗರ್ಜಿ ಇದೆ. ಹಬ್ಬಕ್ಕೆಂದು ದೋಣಿಯಲ್ಲಿ ಹೋಗುತ್ತಿದ್ದ ಭಕ್ತರಿಗೂ ನೌಕಾನೆಲೆ ಬಂದ ಮೇಲೆ ದಾರಿ ಮುಚ್ಚಿತು. ಪೋರ್ಚುಗೀಸರಿಗೆ ಹೆದರಿ ಕಾತ್ಯಾಯನಿ ಇತ್ತ ಬಂದಳು. ಪೋರ್ಚುಗೀಸರು ಕಟ್ಟಿದ ಇಗರ್ಜಿಯ ಮಾತೆಗೆ ಈಗ ಭಕ್ತರೇ ಮುಟ್ಟುವಂತಿಲ್ಲ.

ದೇಶಕ್ಕೆ ನೌಕಾನೆಲೆ ಬೇಡವೇ ಎಂದು ಯಾರಾದರೂ ತಕ್ಷಣ ಕೇಳುತ್ತಾರೆ, ಸಂಕಿರಣದಲ್ಲೂ ಕೇಳಿದರು. ಬೇಕು. ಹಾಗೆಂದು ಒಪ್ಪಿಯೇ ಎದ್ದುಹೋದವರು ಬಹಳ ಮಂದಿ ಇದ್ದಾರೆ. ಒಪ್ಪಿದವರಿಗೆ ಕೊಡಬೇಕಾದ್ದನ್ನು ಕೊಡಲು ಒಂದು ತಲೆಮಾರು ಏಕೆ ಬೇಕಾಯಿತು ಎಂಬುದಷ್ಟೇ ನನ್ನ ಪ್ರಶ್ನೆ. ದೇವಿಗೆ ಜಾಗ ಬಿಟ್ಟುಕೊಟ್ಟಾಗ ಊರಿನವರು ನಮೂನೆ ತುಂಬಿಸಿರಲಿಕ್ಕಿಲ್ಲ. ಇವರು ತಮ್ಮ ಸ್ವಂತ ನೆಲ ತಮ್ಮದೇ ಎಂದು ರುಜುವಾತು ಮಾಡಲು ಪಹಣಿ, ವಂಶವೃಕ್ಷ, ಪಡಿತರ ಚೀಟಿಗಳ ಜೆರಾಕ್ಸ್ ಹಿಡಿದು ಕಚೇರಿ ಕಚೇರಿ ಸುತ್ತಿದರು. ಭಾಷಣಕ್ಕೆ ಸಿಗುವಂಥ ಒಂದು ಅಸ್ಮಿತೆಯೂ ಅವರ ಚೀಲದಲ್ಲಿರಲಿಲ್ಲ.

ಪ್ರಬಂಧದ ಕೊನೆಯಲ್ಲಿ ‘ಮುಂದಿನ ಸಂಶೋಧನೆಗೆ ಸೂಚನೆಗಳು’ ಎಂಬ ಭಾಗ ಇರಲೇಬೇಕೆಂದು ಸಂಘಟಕರು ತಿಳಿಸಿದ್ದಾರೆ. ಹೆದ್ದಾರಿಗೆ, ರೈಲಿಗೆ, ನೌಕಾನೆಲೆಗೆ ಎಂದು ಒಂದರ ನಂತರ ಒಂದಕ್ಕೆ ನೆಲ ಬಿಟ್ಟುಕೊಟ್ಟ ಅಂಕೋಲೆ ತಾಲೂಕಿನಲ್ಲಿ ಈಗ ಅಲಗೇರಿಯಲ್ಲಿ ವಿಮಾನ ನಿಲ್ದಾಣಕ್ಕೆ ಭೂಸ್ವಾಧೀನ ನಡೆದಿದೆ. ಕೇಣಿಯಲ್ಲಿ ಆಳಸಮುದ್ರ ಬಂದರು ಬರುತ್ತದೆಂದು ಮೀನುಗಾರರು ಬೀದಿಗಿಳಿದಿದ್ದಾರೆ. ಆಸಕ್ತ ಸಂಶೋಧಕರು ಕ್ಷೇತ್ರಕಾರ್ಯಕ್ಕೆ ತಡಮಾಡಬಾರದು, ಮಾಹಿತಿದಾರರ ವಿಳಾಸ ಬದಲಾಗುವ ಮುನ್ನ ಬರಬೇಕು. ಬರುವಾಗ ಪ್ರಶ್ನಾವಳಿ ತರಬೇಡಿ. ಭೂಸ್ವಾಧೀನ ಕಾಯ್ದೆ ಗೊತ್ತಿರುವ ಒಬ್ಬ ವಕೀಲರನ್ನು ಕರೆದುಕೊಂಡು ಬನ್ನಿ.