ಏಳಡಿಯವರಿಬ್ಬರು, ಊರ ತುಂಬ ಕೋಚುಗಳು

ಬಾಸ್ಕೆಟ್‌ಬಾಲ್ ಅಭಿಮಾನಿಗೆ ಗೊತ್ತಿರುವುದು ಎರಡೇ ಸಿದ್ಧಾಂತ. ಸೋತ ತಂಡದ ಸೆಂಟರ್ ಗಿಡ್ಡನಾಗಿದ್ದರೆ ‘ಎತ್ತರದವನೊಬ್ಬ ಬೇಕಿತ್ತು’. ಎತ್ತರದವನೇ ಇದ್ದರೆ ‘ಈ ಕಾಲದಲ್ಲಿ ಇಂಥ ದೀಪದ ಕಂಬ ಯಾರಿಗೆ ಬೇಕ್ರೀ?’ ಎರಡೂ ಒಂದೇ ಬಾಯಿಂದ ಬರಬಹುದು, ವಾರದ ಅಂತರ ಸಾಕು.

ಅಮೆರಿಕದ ಮಿನೆಸೋಟ ಟಿಂಬರ್‌ವುಲ್ವ್ಸ್ ತಂಡವನ್ನೇ ನೋಡಿ. 2022ರ ಜುಲೈನಲ್ಲಿ ಯೂಟಾ ಜಾಝ್‌ನಿಂದ ರೂಡಿ ಗೊಬೇರ್ ಎಂಬ 7 ಅಡಿ 1 ಇಂಚಿನ ಫ್ರೆಂಚ್ ಆಸಾಮಿಯನ್ನು ತಂದಿತು. ಕೊಟ್ಟಿದ್ದೇನು? ಐವರು ಆಟಗಾರರು, ಮುಂದಿನ ವರ್ಷಗಳಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ನಾಲ್ಕು ಮೊದಲ ಸುತ್ತಿನ ಡ್ರಾಫ್ಟ್ ಹಕ್ಕುಗಳು, ಮೇಲೊಂದು ಹಕ್ಕಿನ ಅದಲುಬದಲು. ಮನೆಯಲ್ಲಿ ಆಗಲೇ ಕಾರ್ಲ್-ಆಂಥನಿ ಟೌನ್ಸ್ ಎಂಬ ಏಳಡಿಯ ಆಸುಪಾಸಿನ ಸೆಂಟರ್ ಇದ್ದ. ಲೋಕವೆಲ್ಲ ನಕ್ಕಿತು. ನಗಲು ಕಾರಣವೂ ಇತ್ತೆನ್ನಿ. 2015ರಲ್ಲಿ ಗೋಲ್ಡನ್ ಸ್ಟೇಟ್ ತಂಡ ಏಳಡಿಯ ಬೋಗಟ್‌ನನ್ನು ಬೆಂಚಿಗೆ ಕಳಿಸಿ, ಆರೂವರೆ ಅಡಿಯ ಡ್ರೇಮಂಡ್ ಗ್ರೀನ್‌ನನ್ನು ಸೆಂಟರ್ ಮಾಡಿ ಕಪ್ ಎತ್ತಿದಂದಿನಿಂದ ಎತ್ತರವೇ ಒಂದು ಕಾಯಿಲೆ ಎಂಬಂತಾಗಿತ್ತು. ಹ್ಯೂಸ್ಟನ್‌ನವರು 2020ರಲ್ಲಿ ಇದ್ದೊಬ್ಬ ಸೆಂಟರ್‌ನನ್ನೂ ಮಾರಿ, 6 ಅಡಿ 5 ಇಂಚಿನ ಪಿ.ಜೆ. ಟಕರ್‌ನನ್ನು ಬಾಸ್ಕೆಟ್ ಕಾಯಲು ನಿಲ್ಲಿಸಿದರು. ಲೇಕರ್ಸ್ ಕೈಲಿ 4-1ರಿಂದ ಸೋತು ಮನೆಗೆ ಹೋದರು. ಅದು ‘ಕ್ರಾಂತಿ’, ಮಿನೆಸೋಟದ್ದು ‘ಮೂರ್ಖತನ’.

ಮೊದಲ ವರ್ಷ ಟೌನ್ಸ್ ಮೀನಖಂಡದ ಗಾಯದಿಂದ ಆಡಿದ್ದು ಬರೀ 29 ಪಂದ್ಯ. ಆದರೂ ‘ಈ ಜೋಡಿ ಹೊಂದುವುದಿಲ್ಲ’ ಎಂಬ ತೀರ್ಪು ಹೊರಬಿತ್ತು. ಜಾತಕ ನೋಡುವವರಾದರೂ ಇಷ್ಟು ಅವಸರ ಮಾಡುವುದಿಲ್ಲ.

ಇನ್ನು ಮೈಗೆ ಮೈ ಕೊಟ್ಟು ಆಡುವ ಆಟ. ‘ನಮ್ಮ ಹುಡುಗರು ತೀರಾ ಮೆತ್ತಗೆ, ಸ್ವಲ್ಪ ಗಡಸುತನ ಬೇಕು’ ಎಂದು ಗೋಳಾಡುತ್ತಿದ್ದವರ ಮೊರೆ 2023ರ ಏಪ್ರಿಲ್ 9ರಂದು ದೇವರಿಗೆ ಕೇಳಿಸಿತು. ಟೈಮ್‌ಔಟ್‌ನಲ್ಲಿ ಗೊಬೇರ್ ಕೈ ಬೀಸಿದ, ಏಟು ಬಿದ್ದದ್ದು ತನ್ನದೇ ತಂಡದ ಕೈಲ್ ಆಂಡರ್ಸನ್ ಎದೆಗೆ. ಅದೇ ಪಂದ್ಯದಲ್ಲಿ ಜೇಡನ್ ಮೆಕ್‌ಡ್ಯಾನಿಯಲ್ಸ್ ಸಿಟ್ಟಿನಲ್ಲಿ ಗೋಡೆಗೆ ಗುದ್ದಿ ಕೈ ಮುರಿದುಕೊಂಡ. ಇಬ್ಬರೂ ಗಡಸುತನ ತೋರಿಸಿದರು, ಎದುರಾಳಿಗೆ ಒಂದು ಗೀರೂ ಆಗಲಿಲ್ಲ. ಗೊಬೇರ್‌ಗೆ ಒಂದು ಪಂದ್ಯದ ಅಮಾನತು. ಗೋಡೆಯ ಮೇಲೆ ಯಾವ ಕ್ರಮವೂ ಇಲ್ಲ. ಏಳು ತಿಂಗಳ ನಂತರ ಗ್ರೀನ್ ಬಂದು ಗೊಬೇರ್‌ನ ಕುತ್ತಿಗೆಯನ್ನೇ ಕಂಕುಳಲ್ಲಿ ಅವುಚಿ ಎಳೆದಾಡಿದ. ಆಟ ಶುರುವಾಗಿ ಎರಡು ನಿಮಿಷ ಕಳೆದಿರಲಿಲ್ಲ, ಸ್ಕೋರು ಸೊನ್ನೆ-ಸೊನ್ನೆ. ಐದು ಪಂದ್ಯ ಅಮಾನತಾದ. ಗೋಲ್ಡನ್ ಸ್ಟೇಟ್ ಅಭಿಮಾನಿಗಳ ಪ್ರಕಾರ ಅದು ತನ್ನ ತಂಡದ ಮೇಲಿನ ಪ್ರೀತಿ. ಡೆಟ್ರಾಯಿಟ್‌ನವರಿಗೆ ಇದು ಅರ್ಥವಾಗುತ್ತದೆ: 1989, 1990ರಲ್ಲಿ ಕಪ್ ಗೆದ್ದ ಅವರ ‘ಬ್ಯಾಡ್ ಬಾಯ್ಸ್’ ಶಿಕಾಗೋದ ಮೈಕಲ್ ಜೋರ್ಡನ್‌ನನ್ನು ನೆಲಕ್ಕೆ ಕೆಡವಿದ್ದೆಲ್ಲ ಅವರ ಲೆಕ್ಕದಲ್ಲಿ ಶ್ರಮಜೀವಿಗಳ ಛಲ. ಶಿಕಾಗೋದಲ್ಲಿ ಕೇಳಿದರೆ ಬೇರೆ ಪದ ಹೇಳುತ್ತಾರೆ, ಅಚ್ಚು ಹಾಕುವಂಥದ್ದಲ್ಲ.

2024ರಲ್ಲಿ ಆ ತೀರ್ಪನ್ನು ಮತ್ತೆ ಬರೆಯಬೇಕಾಯಿತು. ಹಾಲಿ ಚಾಂಪಿಯನ್ ಡೆನ್ವರ್ ಎದುರು ಪ್ಲೇಆಫ್ ಸರಣಿಯ ಏಳನೇ ಪಂದ್ಯ, ಅವರದೇ ಅಂಗಳದಲ್ಲಿ, ದ್ವಿತೀಯಾರ್ಧದಲ್ಲಿ 20 ಅಂಕ ಹಿಂದೆ. ಆದರೂ ಮಿನೆಸೋಟ ಗೆದ್ದಿತು. ಡೆನ್ವರ್ ತಂಡದ ದೈತ್ಯ ಯೋಕಿಚ್‌ನನ್ನು ಟೌನ್ಸ್ ಎದೆ ಕೊಟ್ಟು ತಡೆಯುವುದು, ಗೊಬೇರ್ ಹಿಂದೆ ಬಾಸ್ಕೆಟ್ ಕಾಯುವುದು: ನಗೆಪಾಟಲಾಗಿದ್ದ ಜೋಡಿ ಈಗ ‘ದೂರದೃಷ್ಟಿ’. ಈ ಪಟ್ಟ ಉಳಿದದ್ದು ಒಂದು ವಾರವೂ ಇಲ್ಲ. ಮುಂದಿನ ಸರಣಿಯ ಎರಡನೇ ಪಂದ್ಯದ ಕೊನೆಯ ಕ್ಷಣದಲ್ಲಿ ಡಲ್ಲಾಸ್‌ನ ಲೂಕಾ ಡಾಂಚಿಚ್ ಇದೇ ಗೊಬೇರ್ ಮುಂದೆ ಹೆಜ್ಜೆ ಹಿಂದಿಟ್ಟು, ಅವನ ತಲೆಯ ಮೇಲಿಂದಲೇ ಮೂರು ಪಾಯಿಂಟಿನ ಹೊಡೆತ ಹಾಕಿದ. 109-108. ‘ನಾನು ಆಗಲೇ ಹೇಳಿರಲಿಲ್ವಾ’ ಎಂಬ ಸದ್ದು ಅಟ್ಲಾಂಟಿಕ್ ದಾಟಿ, ಬೆಳಗಿನ ಜಾವ ಪಂದ್ಯ ನೋಡುವ ಬೆಂಗಳೂರಿನ ವಾಟ್ಸ್ಯಾಪ್ ಗುಂಪುಗಳನ್ನೂ ತಲುಪಿತು.

ಆ ವರ್ಷವೇ ಟೌನ್ಸ್‌ನನ್ನು ನ್ಯೂಯಾರ್ಕ್‌ಗೆ ಕಳಿಸಿದರು. ಜೋಡಿ ಮುರಿಯಿತು, ವಾದ ಮುರಿಯಲಿಲ್ಲ. 2025ರ ಪ್ಲೇಆಫ್‌ನಲ್ಲಿ ಲೇಕರ್ಸ್ ಸರದಿ. ಆಂಥನಿ ಡೇವಿಸ್‌ನನ್ನು ಕೊಟ್ಟು ಡಾಂಚಿಚ್‌ನನ್ನು ತಂದಿದ್ದರು. ಡೇವಿಸ್ ಜಾಗಕ್ಕೆ ತರಬೇಕೆಂದಿದ್ದ ಸೆಂಟರ್ ವೈದ್ಯಕೀಯ ಪರೀಕ್ಷೆಯಲ್ಲೇ ಫೇಲು. ಹೀಗಾಗಿ ಗಿಡ್ಡ ತಂಡವೇ ‘ತಂತ್ರ’ವಾಯಿತು. ಐದನೇ ಪಂದ್ಯದಲ್ಲಿ ಮಿನೆಸೋಟ ದೂರದಿಂದ 47 ಸಲ ಎಸೆದು ಏಳನ್ನಷ್ಟೇ ಬುಟ್ಟಿಗೆ ಹಾಕಿತು. ಇಂಥ ದಿನ ಗೆಲ್ಲುವುದುಂಟೇ? ಗೆದ್ದಿತು. ಗೊಬೇರ್ 27 ಅಂಕ, 24 ರೀಬೌಂಡ್. ಸರಣಿ 4-1. ಲೇಕರ್ಸ್ ಬೇಸಿಗೆಯಲ್ಲಿ ಮಾಡಿದ ಮೊದಲ ಕೆಲಸಗಳಲ್ಲೊಂದು ಏಳಡಿಯ ಡಿಯಾಂಡ್ರೆ ಏಟನ್‌ಗೆ ಸಹಿ ಹಾಕಿಸಿದ್ದು.

ಎದುರಿಗೆ ಯಾರು, ಆ ದಿನ ಚೆಂಡು ಬೀಳುತ್ತಿದೆಯೇ, ರೆಫರಿ ಎಷ್ಟು ತಳ್ಳಾಟಕ್ಕೆ ಕಣ್ಣು ಮುಚ್ಚುತ್ತಾನೆ ಎನ್ನುವುದರ ಮೇಲೆ ಎಂಥ ಸೆಂಟರ್ ಬೇಕೆಂಬ ಪ್ರಶ್ನೆಯ ಉತ್ತರ ಪ್ರತಿ ರಾತ್ರಿ ಬದಲಾಗುತ್ತದೆ. ಈ ಮಾತು ಹೇಳಿದ ಕೋಚಿಗೆ ಕೆಲಸ ಉಳಿಯುವುದು ಕಷ್ಟ, ಟಿವಿ ಚರ್ಚೆಗೆ ಕರೆ ಬರುವುದು ಇನ್ನೂ ಕಷ್ಟ. ಆದ್ದರಿಂದ ಪಂಡಿತರಲ್ಲಿ ಒಂದೇ ವಿನಂತಿ: ಎತ್ತರದವರೋ ಗಿಡ್ಡರೋ ಎಂಬ ನಿಮ್ಮ ಅಂತಿಮ ತೀರ್ಮಾನವನ್ನು ದಯವಿಟ್ಟು ಪಂದ್ಯ ಶುರುವಾಗುವ ಮೊದಲೇ ಬರೆದು, ದಿನಾಂಕ ಹಾಕಿ, ಕೆಳಗೆ ಸಹಿ ಮಾಡಿ ಕೊಡಿ.